ಬೀಗರ ನೆಗಡಿಯ ವಂಶಾವಳಿ

ಸೀನು ಒಂಟಿಯಾಗಿ ಬಂದರೆ ನಮ್ಮ ಕಡೆ ಅದನ್ನು ಯಾರೂ ನಂಬುವುದಿಲ್ಲ. ಹೊಸ್ತಿಲು ದಾಟಿದವರು ಬೆನ್ನ ಹಿಂದೆ ಒಂದು ಸೀನು ಕೇಳಿದರೆ ಚಪ್ಪಲಿ ಕಳಚಿ ಮರಳಿ ಒಳಗೆ ಬರುತ್ತಾರೆ, ಒಂದು ಗುಟುಕು ನೀರು ಕುಡಿಯುತ್ತಾರೆ, ಕೂತಂತೆ ಮಾಡಿ ಏಳುತ್ತಾರೆ, ಆಮೇಲೆಯೇ ಬಸ್ಸಿನ ವಿಚಾರ. ಅದೇ ಸೀನಿಗೆ ಇನ್ನೊಂದು ಜೊತೆಯಾಯಿತೋ, ಅಪಶಕುನವೆಲ್ಲ ಅಳಿಸಿಹೋಗಿ ಅದು ಆಶೀರ್ವಾದವೇ ಆಗಿಬಿಡುತ್ತದೆ. ಹೀಗಾಗಿ ನಮ್ಮ ಮನೆಯಲ್ಲಿ ಒಮ್ಮೆ ಸೀನಿದವರಿಗೆ ಒಂದು ಸಾಮಾಜಿಕ ಜವಾಬ್ದಾರಿ ಅಂಟಿಕೊಳ್ಳುತ್ತದೆ. ಎಲ್ಲರೂ ಅವರ ಮೂಗನ್ನೇ ನೋಡುತ್ತ ನಿಲ್ಲುತ್ತಾರೆ. ಆ ಸಂಕಟ ನಿಮಗೂ ಗೊತ್ತಿರಬೇಕು, ಸ್ನೇಹಿತರೆ: ಮೂಗಿನ ತುದಿಯವರೆಗೆ ಬಂದು, ಕಣ್ಣಲ್ಲಿ ನೀರು ತರಿಸಿ, ಬಾಯಿ ಅರ್ಧ ತೆರೆಸಿ, ಯಾವುದೋ ಕೆಲಸ ನೆನಪಾದವರ ಹಾಗೆ ತಿರುಗಿ ಹೋಗಿಬಿಡುವ ಆ ಎರಡನೆಯ ಸೀನು.

ನನ್ನ ಹೊಟ್ಟೆ ತುಂಬುವುದು ಇಂಥ ಸೀನುಗಳಿಂದಲೇ. ಕಲಬುರಗಿಯ ಒಂದು ಪ್ರಯೋಗಾಲಯದಲ್ಲಿ ನಾನು ಫ್ಲೂ ವೈರಸ್ಸುಗಳ ಜಾತಕ ಓದುತ್ತೇನೆ. ಆಳಂದ, ಅಫಜಲಪುರ, ಜೇವರ್ಗಿಯ ಆಸ್ಪತ್ರೆಗಳಿಗೆ ಜ್ವರ ಕೆಮ್ಮು ಎಂದು ಬಂದವರಲ್ಲಿ ಕೆಲವರ ಮೂಗಿನೊಳಗೆ ಹತ್ತಿಕಡ್ಡಿ ಆಡಿಸಿ ತೆಗೆದ ಮಾದರಿಗಳು, ಬೆರಳುದ್ದದ ನಳಿಕೆಗಳಲ್ಲಿ, ತಂಪು ಡಬ್ಬಿಯೊಳಗೆ ಕೂತು ವಾರವಾರವೂ ನಮ್ಮಲ್ಲಿಗೆ ಬರುತ್ತವೆ. ಅದರೊಳಗಿನ ವೈರಸ್ಸಿನ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಓದಿ, ಇದು ಹೋದ ವರ್ಷದವನ ಮಗನೋ, ಅವನ ಸೋದರಳಿಯನೋ ಎಂದು ವಂಶಾವಳಿ ಬರೆಯುವುದು ನಮ್ಮ ಕೆಲಸ. ಹಿಂದೊಮ್ಮೆ ಜಗತ್ತನ್ನೆಲ್ಲ ಹಾಸಿಗೆ ಹಿಡಿಸಿದ ಹಂದಿಜ್ವರದ ವಂಶಸ್ಥ ಈಗ ತಣ್ಣಗಾಗಿ, ವರ್ಷ ವರ್ಷ ಬಂದು ನಾಲ್ಕು ಮನೆ ಕೆಮ್ಮಿಸಿ ಹೋಗುವ ನೆಂಟನಾಗಿದ್ದಾನೆ. ನಾವು ಕಾಯುವುದು ಅವನಿಗಾಗಿ ಅಲ್ಲ. ಹಕ್ಕಿಯದೊಂದು ತುಂಡು, ಹಂದಿಯದೊಂದು ತುಂಡು, ಮನುಷ್ಯನದೊಂದು ತುಂಡು ಸೇರಿಸಿ ಹೊಲಿದ ಅಂಗಿ ತೊಟ್ಟು, ಯಾರ ಗುರುತಿಗೂ ಸಿಗದಂತೆ ಬರಬಹುದಾದ ಹೊಸಬನಿಗಾಗಿ. ಅಂಥವನು ಊರೊಳಗೆ ಕಾಲಿಟ್ಟ ದಿನವೇ ತಿಳಿದರೆ ಲಸಿಕೆ ಮಾಡುವವರಿಗೆ ಒಂದಿಷ್ಟು ಸಮಯ ಸಿಗುತ್ತದೆ.

ಇದನ್ನು ಇಷ್ಟು ಚಂದವಾಗಿ ನಾನು ನಿಮಗೆ ಹೇಳಬಲ್ಲೆನೇ ಹೊರತು ನಮ್ಮ ಅವ್ವನಿಗೆ ಹೇಳಲು ಇದುವರೆಗೂ ಆಗಿಲ್ಲ. ನಮ್ಮೂರು ಅಂದೋಲಾದಲ್ಲಿ ಮನೆ ಕಟ್ಟೆಯ ಮೇಲೆ ಕೂತು ಅವಳು ಓಣಿಯವರಿಗೆ ಹೇಳುವ ಮಾತು ಬೇರೆಯದೇ: "ಎಂ.ಎಸ್ಸಿ. ಓದಿಸಿದ್ದಕ್ಕ ನಮ್ಮ ಗಿರಿಜಾ ಈಗ ಮಂದಿ ಸಿಂಬಳ ಓದಾಕತ್ತಾಳ."

ನಮ್ಮ ಅಕ್ಕನನ್ನು ಜೇವರ್ಗಿ ತಾಲೂಕಿನ ನೆಲೋಗಿಗೆ ಕೊಟ್ಟಿದೆ. ಅವಳ ಗಂಡ ಬಸಣ್ಣ, ನಮಗೆಲ್ಲ ಬಸಣ್ಣ ಮಾಮಾ, ಹೊಲಮನೆ ಚೆನ್ನಾಗಿಟ್ಟುಕೊಂಡ, ಮಾತಿಗೆ ಮಾತು ಸೇರಿಸದೆ ನಿದ್ದೆ ಬಾರದ ಮನುಷ್ಯ. ಅವರ ಒಬ್ಬಳೇ ಮಗಳು ಅಂಬಿಕಾ ಜೇವರ್ಗಿಯ ಹೈಸ್ಕೂಲಿನಲ್ಲಿ ಟೀಚರು. ಅವಳಿಗೆ ಆಳಂದದಿಂದ ಒಂದು ಸಂಬಂಧ ಬಂತು. ಹುಡುಗ ಸಂಗಮೇಶ, ದನದ ಡಾಕ್ಟರು. ಅವನ ತಂದೆ ರೇವಣಸಿದ್ದಪ್ಪನವರು ತೊಗರಿ ವ್ಯಾಪಾರಿ, ಸ್ವಂತ ದಾಲ್ ಮಿಲ್ಲು, ಮಿಲ್ಲಿನಷ್ಟೇ ದೊಡ್ಡ ದನಿ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಒಪ್ಪಲು ಒಂದು ಕಪ್ ಚಹಾ ಸಾಕಾಯಿತು. ತಂದೆಯರು ಒಪ್ಪಿದರೂ ನಿಶ್ಚಯ ಎಲ್ಲಿ ಮಾಡಬೇಕೆಂಬ ಪ್ರಶ್ನೆ ಚಳಿಗಾಲದ ಬಹುಭಾಗವನ್ನು ತಿಂದಿತು. ಗಂಡಿನವರ ಮಾನ ಆಳಂದದಲ್ಲಿತ್ತು, ಹೆಣ್ಣಿನವರ ಮಾನ ನೆಲೋಗಿಯಲ್ಲಿತ್ತು. ಕಡೆಗೆ ಎರಡು ದೇಶಗಳು ಮೂರನೆಯ ದೇಶಕ್ಕೆ ಹೋಗಿ ಒಪ್ಪಂದ ಮಾಡಿಕೊಳ್ಳುವ ಹಾಗೆ, ಎರಡೂ ಕಡೆಯವರ ನೆಂಟರು ಯಾರೂ ಇಲ್ಲದ ಅಫಜಲಪುರದ ಒಂದು ಕಲ್ಯಾಣ ಮಂಟಪ ಗೊತ್ತಾಯಿತು. ಬೀಗರೆಂಬ ಶಬ್ದ ಬೀಗುವುದರಿಂದ ಬಂತೋ, ಮನೆಗೆ ಹಾಕುವ ಬೀಗದಿಂದ ಬಂತೋ ಎಂಬ ನನ್ನ ಹಳೆಯ ಸಂಶಯ ಆ ದಿನ ಇನ್ನಷ್ಟು ಬಲವಾಯಿತು. ಇಬ್ಬರೂ ಎದೆಯುಬ್ಬಿಸಿಕೊಂಡೇ ಒಳಗೆ ಬಂದರು, ಇಬ್ಬರ ಬಾಯಿಗೂ ಬೀಗ ಬಿದ್ದಿತ್ತು.

ಎಲೆ ಅಡಿಕೆ, ಕೊಬ್ಬರಿ ಸಕ್ಕರೆಯ ತಟ್ಟೆಯನ್ನು ಗಂಡಿನ ತಂದೆ ಹೆಣ್ಣಿನ ತಂದೆಯ ಕೈಗೆ ಕೊಡುವ ಹೊತ್ತು. ಶಾಸ್ತ್ರ ಮಾಡಿಸುವ ಅಯ್ಯನವರು "ಕೊಡ್ರಿ" ಎಂದರು, ಫೋಟೋದವನು ಕ್ಯಾಮೆರಾ ಎತ್ತಿದ, ರೇವಣಸಿದ್ದಪ್ಪನವರು ತಟ್ಟೆ ಮುಂದೆ ಚಾಚಿದರು, ಮತ್ತು ಸೀನಿದರು. ಅವರ ಸೀನು ದಾಲ್ ಮಿಲ್ಲಿನ ಮೋಟಾರು ಶುರುವಾದ ಹಾಗಿತ್ತು. ಬಾಜಾದವರು ಅರ್ಧಕ್ಕೆ ನಿಂತರು. ತಟ್ಟೆ ಗಾಳಿಯಲ್ಲೇ ಉಳಿಯಿತು. ಇಡೀ ಮಂಟಪ ಉಸಿರು ಹಿಡಿದು ಎರಡನೆಯದಕ್ಕಾಗಿ ಕಾಯತೊಡಗಿತು.

ಅದು ಬರಲಿಲ್ಲ. ರೇವಣಸಿದ್ದಪ್ಪನವರು ಟ್ಯೂಬ್‌ಲೈಟಿನ ಕಡೆ ಮುಖ ಎತ್ತಿ ನೋಡಿದರು, ಮೂಗು ಉಜ್ಜಿಕೊಂಡರು, ಕಣ್ಣು ಮುಚ್ಚಿ ಬಾಯಿ ತೆರೆದು ಸೀನಿನ ಬಹಳ ಹತ್ತಿರ ಹೋಗಿ ಬರಿಗೈಲಿ ಮರಳಿದರು. ಆಳಂದದ ಕಡೆಯ ಒಬ್ಬ ಹಿರಿಯರು ಎದ್ದು ಬಂದು ನಶ್ಯದ ಡಬ್ಬಿ ತೆರೆದು ಹಿಡಿದರು. "ಒಂದು ಚಿಟಿಕಿ ಏರಿಸ್ರಿ ಸಾವಕಾರ್ರೆ, ತಾನ ಬರ್ತದ," ಎಂದರು. ಏರಿಸಿದರು. ಕಣ್ಣು ಕೆಂಪಾದವೇ ಹೊರತು ಮೂಗು ಕದಲಲಿಲ್ಲ. ಹೆಂಗಸರ ಕಡೆ ಗುಸುಗುಸು ಎದ್ದಿತು, ಅಕ್ಕನ ಮುಖ ಬಿಳಚಿತು. ಆಗ, ಎದುರಿಗೆ ತಟ್ಟೆಗೆ ಕೈಯೊಡ್ಡಿ ನಿಂತು ಬಹಳ ಹೊತ್ತಿನಿಂದ ಏನನ್ನೋ ತಡೆದುಕೊಂಡಂತಿದ್ದ ಬಸಣ್ಣ ಮಾಮಾ, ತಾನೂ ಸೀನಿದ.

"ಜೋಡಿ ಆತು," ಎಂದಳು ಕುರ್ಚಿಯಲ್ಲಿ ಕೂತಿದ್ದ ಅವ್ವ. "ತಟ್ಟಿ ಕೊಡ್ರಿನ್ನ."

ಆ ತೀರ್ಪಿಗೆ ಮಂಟಪವೆಲ್ಲ ನಕ್ಕಿತು, ಬಾಜಾ ಮತ್ತೆ ಎದ್ದಿತು. ಎರಡು ಮನೆತನಗಳ ಸೀನುಗಳೇ ಕೂಡಿ ಬಂದ ಮೇಲೆ ಇನ್ನು ಯಾವ ಜಾತಕ ನೋಡಬೇಕು ಎಂದು ಅಯ್ಯನವರೂ ಮೆಚ್ಚಿದರು. ಬೀಗರಿಬ್ಬರೂ ಒಬ್ಬರನ್ನೊಬ್ಬರು ಗಟ್ಟಿಯಾಗಿ ಅಪ್ಪಿಕೊಂಡರು. ಅದರ ಫೋಟೋ ಕೂಡ ಇದೆ. ಇಬ್ಬರ ಬಾಯಿಯೂ ತೆರೆದಿದೆ.

ಮುಂದಿನ ವಾರ ಆ ಮಂಟಪದಲ್ಲಿದ್ದವರಲ್ಲಿ ಅರ್ಧ ಮಂದಿ ಮಲಗಿದರು. ಆಳಂದದಲ್ಲಿ ಬೀಗರು, ಬೀಗತಿ, ಮಿಲ್ಲಿನ ಗುಮಾಸ್ತ. ನೆಲೋಗಿಯಲ್ಲಿ ಮಾಮಾ, ಅಕ್ಕ, ಅಡುಗೆಗೆ ನೆರವಾಗಲು ಬಂದಿದ್ದ ಮಗ್ಗುಲ ಮನೆಯವರು. ಮೈಕೈ ನೋವು, ಸುಡುವ ಜ್ವರ, ಎದೆ ಹಿಂಡುವ ಕೆಮ್ಮು. ಹುಡುಗ ಹುಡುಗಿಯೂ ಮಲಗಿದರು. ನಿಶ್ಚಯವಾದ ಮೇಲಿನ ಫೋನಿನ ಮಾತುಗಳೆಲ್ಲ ಅವರದು ಕೆಮ್ಮಿನಲ್ಲೇ ಕಳೆದವಂತೆ. ಬೀಗರು ಆಳಂದದ ಆಸ್ಪತ್ರೆಗೆ ಹೋದರು, ಮಾಮಾ ಜೇವರ್ಗಿಯ ಆಸ್ಪತ್ರೆಗೆ ಹೋದ. ಇಬ್ಬರ ಮೂಗಿಗೂ ಹತ್ತಿಕಡ್ಡಿ ಬಿತ್ತು. ಅಷ್ಟಾದದ್ದು ಸಾಲದೆ, ಅದು ಕಲಬುರಗಿಗೆ ಹೋಗುತ್ತದೆಂದು ಇಬ್ಬರಿಗೂ ಯಾರೋ ಹೇಳಿಬಿಟ್ಟರು.

ಮೊದಲು ಫೋನು ಮಾಡಿದವನು ಮಾಮಾ. "ಗಿರಿಜಾ, ನಾವಿನ್ನ ಹೆಣ್ಣ ಕೊಟ್ಟಿಲ್ಲ, ಅವರಾಗಲೇ ನೆಗಡಿ ಕೊಟ್ಟಾರ ನೋಡವಾ. ಮೊದಲು ಸೀನಿದವರು ಯಾರು? ಮಂಟಪದಾಗ ಎಲ್ಲಾರೂ ನೋಡ್ಯಾರ."

"ಮಾಮಾ, ನೀವೂ ಸೀನಿದ್ರಲ್ಲ."

"ನಾ ಸೀನಿದ್ದು ಮರ್ಯಾದಿಗೆ. ಅವರು ಸೀನಿದ್ದು ಬ್ಯಾನಿಗೆ."

ಆಳಂದದಲ್ಲಿ ಇದೇ ಮೊಕದ್ದಮೆ ತಿರುಗುಮುರುಗಾಗಿ ನಡೆದಿತ್ತು. ನೆಲೋಗಿ ಬೀಗರು ಮುಂಜಾನೆಯಿಂದ ದಸ್ತಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದರು, ತಾವು ಸೀನಿದ್ದು ಬರೀ ಮಂಟಪದ ದೂಳಿಗೆ, ಅಪ್ಪಿಕೊಂಡಾಗ ಅವರು ಕಿವಿಯಲ್ಲೇ ಕೆಮ್ಮಿದರು ಎಂದು ರೇವಣಸಿದ್ದಪ್ಪನವರು ಫೋಟೋ ತೋರಿಸಿ ಸಾಬೀತು ಮಾಡುತ್ತಿದ್ದರಂತೆ. ಇಷ್ಟಕ್ಕೇ ನಿಂತಿದ್ದರೆ ಜ್ವರದ ಜೊತೆಗೇ ಜಗಳವೂ ಇಳಿಯುತ್ತಿತ್ತು. ಆದರೆ ಮಾಮಾ ಯಾರದೋ ಮುಂದೆ, "ಹುಡುಗ ದಿನಾ ಹಂದಿ ಕೋಳಿ ಮುಟ್ಟವ, ಅವನ ಮೈಮ್ಯಾಲ ಏನೇನದನೋ ಯಾರಿಗೆ ಗೊತ್ತು," ಎಂದುಬಿಟ್ಟ. ಆ ಮಾತು ಅಫಜಲಪುರದ ಬಸ್ಸು ಹತ್ತಿ ಆಳಂದಕ್ಕೆ ಹೋಗುವಷ್ಟರಲ್ಲಿ ಇನ್ನೂ ನಾಲ್ಕು ಮಾತು ಸೇರಿಸಿಕೊಂಡಿತ್ತು. ಮಗನ ನೌಕರಿಯನ್ನು ಹೀಯಾಳಿಸಿ ಹೆಸರಿಟ್ಟ ಮನೆಯ ಹೆಣ್ಣು ತರುವುದು ಹೇಗೆ ಎಂದು ರೇವಣಸಿದ್ದಪ್ಪನವರು ಮದುವೆಯ ಮುಹೂರ್ತ ಸದ್ಯಕ್ಕೆ ಬೇಡವೆಂದು ಹೇಳಿಕಳಿಸಿದರು. ನಮ್ಮ ಕಡೆ ಸದ್ಯಕ್ಕೆ ಬೇಡ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ಅಂಬಿಕಾಳ ಫೋನು ಬಂತು. ಅಳುತ್ತಿರಲಿಲ್ಲ, ಅತ್ತು ಮುಗಿಸಿದ ಗಂಟಲಾಗಿತ್ತು.

"ಚಿಗವ್ವಾ, ನಾನೂ ಆರಾಮ ಆಗೇನಿ, ಅವರೂ ಆರಾಮ ಆಗ್ಯಾರ. ನಮ್ಮಿಬ್ಬರದು ಏನೂ ತಕರಾರಿಲ್ಲ. ಅಪ್ಪಂದಿರಿಗೆ ಹಾಕೋ ಲಸಿಕೆ ಏನಾರ ಅದೇನು ನಿಮ್ಮಲ್ಲಿ?"

"ಇಲ್ಲವಾ," ಎಂದೆ.

"ಹಂಗಾರ ನೀ ಓದೋದು ಯಾತಕ್ಕ ಬಂತು?" ಎಂದಳು. "ಇದು ಮುರದ್ರ ನಾ ಮತ್ತೊಂದು ಚಹಾ ತಟ್ಟಿ ಹಿಡಕೊಂಡು ಯಾರ ಮುಂದೂ ಹೋಗಂಗಿಲ್ಲ, ಅಷ್ಟ ಹೇಳ್ತೇನಿ," ಎಂದು ಫೋನಿಟ್ಟಳು. ಅವಳು ಹಟಮಾರಿಯಲ್ಲ. ಹಾಗಾಗಿಯೇ ನಾನು ಡಬ್ಬಿ ಮುಚ್ಚಿಟ್ಟೆ.

ಆ ವಾರವೇ ರೇವಣಸಿದ್ದಪ್ಪನವರು ಖುದ್ದಾಗಿ ನಮ್ಮ ಪ್ರಯೋಗಾಲಯದ ಗೇಟಿಗೆ ಬಂದರು. ಕತ್ತಿಗೆ ಮಫ್ಲರು, ಕೈಯಲ್ಲಿ ತೊಗರಿಬೇಳೆಯ ಒಂದು ಚೀಲ. ಬೇಳೆ ಬೇಡವೆಂದು ನಾನು ಕೈಮುಗಿದೆ. ಅದನ್ನು ಅವರು ಗೇಟಿನ ಕಟ್ಟೆಯ ಮೇಲಿಟ್ಟು ತಾವೂ ಪಕ್ಕದಲ್ಲಿ ಕೂತರು.

"ನಮ್ಮ ಸ್ಯಾಂಪಲ್ಲು ನಿಮ್ಮಲ್ಲೇ ಬಂದದಂತ. ನೆಲೋಗಿ ಬೀಗರದೂ ಬಂದದಂತ. ಎರಡೂ ಮಗ್ಗಲಿಗೆ ಮಗ್ಗಲ ಇಟ್ಟು ಓದ್ರಿ. ಯಾರದು ಯಾರಿಗೆ ಬಂತು ಅಂತ ಹೇಳಿಬಿಡ್ರಿ, ನಾ ಮತ್ತೇನೂ ಕೇಳಂಗಿಲ್ಲ."

ನಳಿಕೆಯ ಮೇಲೆ ಹೆಸರಿರುವುದಿಲ್ಲ, ಇದ್ದರೂ ಹೇಳುವ ಹಾಗಿಲ್ಲ, ನಾವು ಓದುವುದು ಕಳ್ಳನನ್ನು ಹಿಡಿಯಲಿಕ್ಕಲ್ಲ ಎಂದು ಹೇಳಿದೆ. ಓದಿದ್ದನ್ನು ಜಗತ್ತಿನ ಬೇರೆ ಬೇರೆ ಕಡೆ ಓದುವವರ ಜೊತೆ ಹಂಚಿಕೊಳ್ಳುತ್ತೇವೆ, ಅದನ್ನೆಲ್ಲ ನೋಡಿ ಮುಂದಿನ ವರ್ಷದ ಲಸಿಕೆಯಲ್ಲಿ ಏನಿರಬೇಕೆಂದು ತಿಳಿದವರು ಗೊತ್ತುಮಾಡುತ್ತಾರೆ ಎಂದೂ ಹೇಳಿದೆ. ಅವರು ಬಹಳ ಲಕ್ಷ್ಯಕೊಟ್ಟು ಕೇಳಿದರು.

"ಅಂದ್ರ, ಜಗತ್ತಿಗೆಲ್ಲಾ ಹೇಳ್ತೀರಿ, ಬೀಗರಿಗೆ ಹೇಳಂಗಿಲ್ಲ."

"ಹಂಗ ಅನ್ರಿ."

ಮಾತು ಬದಲಿಸಬೇಕೆಂದು ನಾನು ಒಂದು ತಪ್ಪು ದಾರಿಗೆ ಇಳಿದೆ. ಈ ವೈರಸ್ಸುಗಳಿಗೆ ಹೆಸರಿಡುವಾಗ ಅವು ಸಿಕ್ಕ ಜಾಗದ ಹೆಸರನ್ನೂ ಸೇರಿಸುತ್ತಾರೆ, ಮನುಷ್ಯರ ಹೆಸರನ್ನಲ್ಲ, ಹಾಗಾಗಿ ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ಹೆದರಬೇಡಿ ಎಂದೆ. ರೇವಣಸಿದ್ದಪ್ಪನವರ ಬೆನ್ನು ನೆಟ್ಟಗಾಯಿತು.

"ಜಾಗದ ಹೆಸರಂದ್ರ, ಆಳಂದ ಅಂತ ಇಡ್ತಾರೇನ್ರಿ?"

"ಹೆಚ್ಚಾಗಿ ರಾಜ್ಯದ್ದೋ ದೊಡ್ಡ ಊರಿಂದೋ ಇರ್ತದ್ರಿ."

ಅವರು ಮಫ್ಲರಿನ ತುದಿಯನ್ನು ತಿರುವುತ್ತ ಯೋಚಿಸಿದರು. ಒಂದು ಕಡೆ ರೋಗ ತಮ್ಮದಲ್ಲವೆಂದು ಸಾಬೀತಾಗಬೇಕು, ಇನ್ನೊಂದು ಕಡೆ ಜಗತ್ತಿನ ನಕಾಶೆಯಲ್ಲಿ ಆಳಂದದ ಹೆಸರು ಬರಬೇಕು. ಎರಡೂ ಆಸೆಗಳು ಆ ಅಗಲವಾದ ಮುಖದ ಮೇಲೆ ಜಗಳವಾಡುವುದು ನನಗೆ ಕಾಣುತ್ತಿತ್ತು. ಕಡೆಗೆ ಏಳುತ್ತ, "ಏನಾರ ಇಡ್ರಿ," ಎಂದರು. "ನೆಲೋಗಿ ಅಂತ ಮಾತ್ರ ಇಡಬ್ಯಾಡ್ರಿ."

ಇನ್ನು ನಮ್ಮ ಕೆಲಸದ ಕೋಣೆಯ ಸುದ್ದಿ. ಅಂಗೈಯಗಲದ ಒಂದು ಪ್ಲಾಸ್ಟಿಕ್ ತಟ್ಟೆಯ ತುಂಬ ಸಣ್ಣ ಸಣ್ಣ ಗುಳಿಗಳು. ಒಂದೊಂದು ಗುಳಿಯಲ್ಲಿ ಒಬ್ಬೊಬ್ಬರ ಮೂಗಿನ ಸಮಾಚಾರ. ಫ್ಲೂ ವೈರಸ್ಸಿನ ವಂಶವಾಹಿ ಒಂದೇ ಉದ್ದನೆಯ ದಾರವಲ್ಲ, ಎಂಟು ತುಂಡುಗಳು. ಒಬ್ಬರ ಮೈಯಲ್ಲೇ ಎರಡು ಬಗೆಯ ಫ್ಲೂ ಒಂದೇ ಸಲ ಸೇರಿದರೆ ಆ ತುಂಡುಗಳು ಅದಲುಬದಲಾಗಿ, ಇವನ ಮೂರು, ಅವನ ಐದು ಕೂಡಿಕೊಂಡು ಹೊಸಬನೊಬ್ಬ ಹುಟ್ಟಬಹುದು. ಬೀಗತನವೆಂದರೆ ಅದೇ ಅಲ್ಲವೆ, ಎರಡು ಮನೆತನಗಳು ಒಂದೇ ಮೂಗಿನಲ್ಲಿ ಸಂಸಾರ ಹೂಡುವುದು. ಹೆಚ್ಚಿನ ಸಲ ಅಂಥ ಸಂಸಾರ ಅಲ್ಲಿಗೇ ಮುರಿದುಬೀಳುತ್ತದೆ. ಎಂದೋ ಒಮ್ಮೆ ಅದು ಹೊಂದಿಬಿಟ್ಟರೆ ಜಗತ್ತು ಬಾಗಿಲು ಹಾಕಿಕೊಳ್ಳಬೇಕಾಗುತ್ತದೆ.

ಆ ವಾರದ ತಟ್ಟೆಯಲ್ಲಿ ಆಳಂದದಿಂದ ಬಂದವೆಲ್ಲ ಒಂದು ಬಗೆಯವು, ಜೇವರ್ಗಿಯಿಂದ ಬಂದವೆಲ್ಲ ಇನ್ನೊಂದು ಬಗೆಯವು, ಆ ಹಳೆಯ ಹಂದಿಜ್ವರದ ವಂಶಸ್ಥರು. ಎರಡೂ ನಮಗೆ ಪರಿಚಯದವೇ. ಆದರೆ ಜೇವರ್ಗಿಯ ಒಂದು ಮಾದರಿ ಮಾತ್ರ ಹಾಗಿರಲಿಲ್ಲ. ಅದರ ಕೆಲವು ತುಂಡುಗಳು ಜೇವರ್ಗಿಯ ಮನೆತನದವು, ಕೆಲವು ಆಳಂದದ ಮನೆತನದವು. ನಾನು ಕಂಪ್ಯೂಟರಿನ ಪರದೆಯನ್ನು ಒಮ್ಮೆ ಮುಚ್ಚಿ ತೆರೆದೆ. ಅದು ಹಾಗೇ ಇತ್ತು. ಈ ಬೀಗತನ ನಡೆದ ಜಾಗ ಒಂದೇ ಇರಲು ಸಾಧ್ಯ ಎಂದು ನನ್ನ ಮನಸ್ಸು ಆಗಲೇ ಅಫಜಲಪುರಕ್ಕೆ ಓಡಿತ್ತು. ಮುಂದಿನ ಮಹಾಮಾರಿ ನಮ್ಮ ಅಂಬಿಕಾಳ ನಿಶ್ಚಯದಲ್ಲಿ ಹುಟ್ಟಿತು, ಅದರ ಮೊದಲ ಫೋಟೋ ಇದೇ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಆ ಇಬ್ಬರು ಬಾಯಿ ತೆರೆದ ಬೀಗರ ಅಪ್ಪುಗೆಯನ್ನು ಅಚ್ಚು ಹಾಕಿದ್ದು ಕಣ್ಣ ಮುಂದೆ ಬಂತು. ನಗು ಬರಬೇಕಿತ್ತು. ಎದ್ದು ಹೋಗಿ ಮೇಲಿನವರನ್ನು ಕರೆತಂದೆ.

ನಮ್ಮ ವಿಭಾಗದ ಮುಖ್ಯಸ್ಥೆ, ಮೈಸೂರು ಕಡೆಯ ಮೇಡಂ, ಪರದೆಯನ್ನು ನೋಡಿ ಕನ್ನಡಕ ತೆಗೆದು ಒರೆಸಿಕೊಂಡರು. "ಊಟ ಆಯ್ತಾ?" ಎಂದರು.

"ಇಲ್ಲ ಮೇಡಂ."

"ಮೊದಲು ಊಟ ಮಾಡಿ. ಆಮೇಲೆ ಮೂಲ ನಳಿಕೆಯಿಂದ ಎಲ್ಲಾ ಮತ್ತೆ ಮಾಡಿ. ನಿಜವಾಗಿದ್ದರೆ ಎರಡನೇ ಸಲವೂ ಇದನ್ನೇ ಹೇಳುತ್ತೆ. ಜಗತ್ತು ಒಂದು ಊಟದ ಹೊತ್ತು ಕಾಯುತ್ತೆ."

ನಾನು ಊಟಕ್ಕೆ ಕೂತಾಗಲೇ ಅಕ್ಕನ ಫೋನು. ಅವ್ವನಿಗೆ ಉಸಿರು ಹಿಡಿಯುತ್ತಿದೆ, ಅಂದೋಲಾದಿಂದ ಜೀಪಿನಲ್ಲಿ ಹಾಕಿಕೊಂಡು ಕಲಬುರಗಿಗೆ ಕರೆತರುತ್ತಿದ್ದೇವೆ ಎಂದಳು.

ಸ್ನೇಹಿತರೆ, ಇಲ್ಲಿಯವರೆಗೆ ನಿಮ್ಮೊಡನೆ ನಗುತ್ತ ಬಂದವಳು ನಾನು. ಆಸ್ಪತ್ರೆಯ ಮಂಚದ ಮೇಲೆ ಅವ್ವನನ್ನು ನೋಡಿದಾಗ ಆ ನಗು ನನಗೆ ನೆನಪೂ ಇರಲಿಲ್ಲ. ಮುಖಕ್ಕೆ ಆಮ್ಲಜನಕದ ಮಾಸ್ಕು, ಪ್ರತಿ ಉಸಿರಿಗೂ ಕೊರಳ ಕೆಳಗಿನ ಗುಳಿ ಒಳಗೆ ಸೇರಿಹೋಗುತ್ತಿತ್ತು. ಅವ್ವ ಆ ಮಂಟಪದಲ್ಲಿದ್ದಳು. ಬೀಗರಿಬ್ಬರ ಮಧ್ಯೆಯೇ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ನನ್ನ ತಟ್ಟೆಯೊಳಗಿನ ಆ ಗುರುತು ಸಿಗದವನು ನಿಜವೇ ಆಗಿದ್ದರೆ, ಅವನು ಮೊದಲು ಹುಡುಕುವುದು ಇಂಥ ಮುದಿ ಎದೆಗಳನ್ನೇ. ಅವಳ ಮೂಗಿನಿಂದಲೂ ಮಾದರಿ ತೆಗೆದು ನಮ್ಮಲ್ಲಿಗೇ ಕಳಿಸಿದರು. ಅದನ್ನು ನಾನು ಮುಟ್ಟಲಿಲ್ಲ. ನಮ್ಮವರದನ್ನು ನಾವು ಮಾಡಬಾರದೆಂದು ಮೇಡಂ ಅದನ್ನು ಬೇರೆಯವರಿಗೆ ಕೊಟ್ಟರು. ನಾನು ಆ ಹಳೆಯ ನಳಿಕೆಯನ್ನು ತೆಗೆದು ಮೊದಲಿನಿಂದ ಶುರುಮಾಡಿದೆ. ಒಂದೊಂದು ಹೆಜ್ಜೆಗೂ ಕೈಗವಸು ಬದಲಿಸಿದೆ.

ಎರಡನೆಯ ಓದು ಬಂದಾಗ ಎಂಟೂ ತುಂಡುಗಳು ಒಂದೇ ಮನೆತನದವು. ಅಚ್ಚ ಜೇವರ್ಗಿ. ಮೊದಲ ತಟ್ಟೆಗೆ ಅಂಟಿಸಿದ್ದ ತೆಳುಹಾಳೆಯ ಒಂದು ಮೂಲೆ ಯಂತ್ರದೊಳಗೆ ಎದ್ದು, ಆಳಂದದ ಗುಳಿಯ ಹನಿಯೊಂದು ಪಕ್ಕದ ಜೇವರ್ಗಿಯ ಗುಳಿಗೆ ಹಾರಿತ್ತು. ಮೇಡಂ ಆ ಎದ್ದ ಮೂಲೆಯನ್ನು ನೋಡಿ, "ನಿಮ್ಮ ಬೀಗತನ ಇಲ್ಲೇ ಆಗಿದೆ ನೋಡಿ," ಎಂದರು. ಅವ್ವನ ವರದಿಯೂ ಬಂತು. ಫ್ಲೂ ಇಲ್ಲ, ಆ ಬಗೆಯದೂ ಇಲ್ಲ, ಈ ಬಗೆಯದೂ ಇಲ್ಲ. ಸುಗ್ಗಿಯಲ್ಲಿ ತೊಗರಿ ರಾಶಿಯ ದೂಳು ಕುಡಿದು ಅವಳ ಹಳೆಯ ದಮ್ಮು ಕೆರಳಿದೆ, ಔಷಧದ ಹಬೆಗೆ ಇಳಿಯುತ್ತದೆ ಎಂದರು ಡಾಕ್ಟರು. ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ಯಾರೂ ನೋಡದ ಹಾಗೆ ಚೆನ್ನಾಗಿ ಅತ್ತೆ.

ಮರುದಿನ ಮುಂಜಾನೆ ನಾನು ಈ ಸುದ್ದಿ ಹೇಳಲೆಂದು ಒಳಗೆ ಹೋದರೆ, ಮಂಚದ ಆ ಕಡೆ ರೇವಣಸಿದ್ದಪ್ಪನವರು, ಈ ಕಡೆ ಬಸಣ್ಣ ಮಾಮಾ. ಹಿರಿಯರಿಗೆ ಮೈಯಲ್ಲಿ ಆರಾಮಿಲ್ಲವೆಂದರೆ ನೋಡಲು ಬಾರದಿರುವಷ್ಟು ಕೆಟ್ಟವರಲ್ಲ ಇಬ್ಬರೂ. ಬಂದ ಮೇಲೆ ಒಬ್ಬರನ್ನೊಬ್ಬರು ನೋಡುವಷ್ಟು ಒಳ್ಳೆಯವರೂ ಅಲ್ಲ. ಇಬ್ಬರೂ ಮುಖಕ್ಕೆ ಮಾಸ್ಕು ಹಾಕಿಕೊಂಡು, ಅವ್ವನ ಮೇಲಿಂದ ಮಾತಾಡುತ್ತಿದ್ದರು.

"ವಯಸ್ಸಾದವರಿಗೆ ಇದು ಬರಬಾರದಿತ್ತು," ಎಂದರು ಬೀಗರು ಸಲಾಯಿನ್ ಬಾಟಲಿಗೆ. "ಯಾರಿಂದ ಬಂತೋ ಆ ಶಿವನಿಗೇ ಗೊತ್ತು."

"ಶಿವನಿಗೂ ಗೊತ್ತದ, ಮೊದಲು ಸೀನಿದವರಿಗೂ ಗೊತ್ತದ," ಎಂದ ಮಾಮಾ ಕಿಟಕಿಗೆ.

ಅವ್ವ ಮೆಲ್ಲಗೆ ಕೈಯೆತ್ತಿ ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡಳು.

"ಆ ನೆಗಡಿ ನಂದು," ಎಂದಳು.

ಇಬ್ಬರೂ ಮೊದಲ ಸಲ ಅವಳ ಮುಖ ನೋಡಿದರು.

"ನಿಶ್ಚಯದ ಮುಂಚೇನ ನನಗ ಮೈ ಬೆಚ್ಚಗಿತ್ತು. ಹೇಳಿದ್ರ ಮನ್ಯಾಗ ಬಿಟ್ಟು ಹೋಗ್ತೀರಿ ಅಂತ ಬಾಯಿ ಬಿಡಲಿಲ್ಲ. ನಿಮ್ಮಿಬ್ಬರಿಗೂ ಎಲಿ ಮಡಚಿ ಕೈಗೆ ಕೊಟ್ಟಾಕಿ ನಾನು. ಗಲ್ಲ ಸವರಿದಾಕಿ ನಾನು. ನೀವು ಕೆಮ್ಮಿದ್ದೂ ನಂದ, ಅವರು ಕೆಮ್ಮಿದ್ದೂ ನಂದ." ಅವಳು ಒಂದೆರಡು ಉಸಿರು ಎಳೆದುಕೊಂಡಳು. "ಯಾರು ಬೈತೀರಿ ಬೈರಿ. ಇಲ್ಲೇ ಅದೇನಿ."

ಮಾಸ್ಕು ಗದ್ದಕ್ಕಿಳಿಸಿಕೊಂಡ ಮುದುಕಿಯನ್ನು ಬೈಯುವ ವಿದ್ಯೆ ಆಳಂದದಲ್ಲೂ ಇಲ್ಲ, ನೆಲೋಗಿಯಲ್ಲೂ ಇಲ್ಲ. ನನ್ನ ಚೀಲದಲ್ಲಿ, ನನಗೆ ಚೆನ್ನಾಗಿ ಗೊತ್ತಿದ್ದ ಹಾಗೆ, ಈಕೆಗೆ ಫ್ಲೂ ಇಲ್ಲವೇ ಇಲ್ಲ ಎಂಬ ವರದಿ ಇತ್ತು. ಒಬ್ಬರ ವರದಿಯನ್ನು ಇನ್ನೊಬ್ಬರಿಗೆ ಹೇಳಬಾರದೆಂಬ ನಿಯಮವನ್ನು ನಾನು ಅಂದಿನಷ್ಟು ಸಂತೋಷದಿಂದ ಎಂದೂ ಪಾಲಿಸಿಲ್ಲ.

ಮೊದಲು ಕದಲಿದವರು ರೇವಣಸಿದ್ದಪ್ಪನವರು. ಎದ್ದು ಬಂದು ಅವ್ವನ ಕಾಲು ಮುಟ್ಟಿದರು. "ದೊಡ್ಡವರ ಕೈಯಿಂದ ಬಂದದ್ದು ಪ್ರಸಾದ ಇದ್ದಂಗ್ರಿ ಅವ್ವ. ನಾವು ತಿಳೀದ ಬ್ಯಾನಿ ಅಂದ್ವಿ."

ಮಾಮಾ ಹಿಂದೆ ಬೀಳುವವನಲ್ಲ. "ನಾವು ಮೊದಲಿಂದಾನೂ ಪ್ರಸಾದ ಅಂತನ ತಗೊಂಡೇವಿ," ಎಂದ. "ನನಗಂತೂ ಜ್ವರ ಏರಿದ್ದು ವಾರ ಇಳೀಲಿಲ್ಲ."

"ವಾರ ಏನ್ರಿ ಬೀಗರೆ, ನನಗಿನ್ನಾ ಕೆಮ್ಮು ಹೋಗಿಲ್ಲ," ಎಂದರು ರೇವಣಸಿದ್ದಪ್ಪನವರು, ಕೆಮ್ಮಿ ತೋರಿಸುತ್ತ.

ಅವ್ವನ ಪ್ರಸಾದ ಯಾರಿಗೆ ಹೆಚ್ಚು ಸಂದಿತು ಎಂಬ ಈ ಹೊಸ ಪೈಪೋಟಿ ಆಸ್ಪತ್ರೆಯ ಕ್ಯಾಂಟೀನಿನವರೆಗೂ ನಡೆಯಿತು. ಚಹಾ ಕುಡಿಯುತ್ತ ಮಾಮಾ ತಾನಾಗಿಯೇ, "ನಮ್ಮ ಎತ್ತಿಗೆ ಕಾಲು ಹಿಡದದ ರಿ, ಡಾಕ್ಟರ್ ಸಾಹೇಬರು ಒಮ್ಮಿ ಬಂದು ನೋಡ್ತಾರೇನು," ಎಂದು ಕೇಳಿದ. ಅದು ಸಂಗಮೇಶನ ನೌಕರಿಗೆ ಇಟ್ಟ ಹೆಸರನ್ನು ಹಿಂದಕ್ಕೆ ತೆಗೆದುಕೊಂಡ ಬಗೆ. ಬೀಗರಿಗೆ ಅರ್ಥವಾಯಿತು. ಮುಹೂರ್ತವನ್ನು ಅಲ್ಲೇ, ಕ್ಯಾಂಟೀನಿನ ಗೋಡೆಯ ಕ್ಯಾಲೆಂಡರು ನೋಡಿ ಗೊತ್ತುಮಾಡಿದರು.

ನಿಜ ಮತ್ತು ನ್ಯಾಯ ಒಂದೇ ಎಂದು ನಂಬಿ ಬೆಳೆದವಳು ನಾನು. ನನ್ನ ನೌಕರಿಯೂ ಅದನ್ನೇ ಕೇಳುತ್ತದೆ. ಒಂದು ಅಕ್ಷರ ಆಚೀಚೆ ಆದರೂ ಮತ್ತೆ ಓದು ಎನ್ನುತ್ತದೆ. ಅಂಥ ನಾನು ಆ ಮುಂಜಾನೆ, ಒಂದು ದೊಡ್ಡ ಸುಳ್ಳು ಹೇಳಿ ಮಾಸ್ಕು ಏರಿಸಿಕೊಂಡು ಕಣ್ಣು ಮುಚ್ಚಿದವಳ ಹಣೆಯ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ಅದು ತಣ್ಣಗೇ ಇತ್ತು.

ಮದುವೆ ಚೆನ್ನಾಗಿ ಆಯಿತು. ಅಂಬಿಕಾ ನಗುತ್ತಲೇ ಇದ್ದಳು, ಸಂಗಮೇಶ ಅವಳನ್ನು ನೋಡುತ್ತಲೇ ಇದ್ದ. ಅವ್ವನಿಗಂತೂ ಆಳಂದದ ಕಡೆಯಿಂದ ದಿಂಬಿಟ್ಟ ಕುರ್ಚಿ, ಹೆಗಲಿಗೆ ಶಾಲು. ಗುರುತಿಲ್ಲದ ನೆಂಟರೂ ಬಂದು, ನೆಗಡಿ ಕೊಟ್ಟ ಅವ್ವ ಇವರೇನ್ರಿ ಎಂದು ಕೇಳಿ ಕಾಲು ಮುಟ್ಟಿ ಹೋಗುತ್ತಿದ್ದರು. ಅವಳು ಎಲ್ಲರಿಗೂ ಹೌದೆಂದು ಗಂಭೀರವಾಗಿ ತಲೆಯಾಡಿಸುತ್ತಿದ್ದಳು. ಸಂಜೆ ಊಟವೆಲ್ಲ ಮುಗಿದು ನೆಂಟರು ಗಾಡಿ ಹತ್ತುವ ಹೊತ್ತಿಗೆ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡಳು.

"ಈಗಾರ ಖರೇ ಹೇಳು. ಯಾರದಿತ್ತದು?"

"ಒಬ್ಬೊಬ್ಬರದು ಹೇಳಂಗಿಲ್ಲಬೇ," ಎಂದೆ. "ಒಟ್ಟಾರೆ ಹೇಳಬೇಕಂದ್ರ, ಆಗ ಆಳಂದ ಕಡೆ ಎದ್ದ ನೆಗಡಿನ ಬ್ಯಾರೆ, ಜೇವರ್ಗಿ ಕಡೆ ಎದ್ದ ನೆಗಡಿನ ಬ್ಯಾರೆ. ಯಾರದೂ ಯಾರಿಗೂ ಹತ್ತಿದಂಗ ಕಾಣಲಿಲ್ಲ. ಅವರವರು ತಮ್ತಮ್ಮದು ತಂದಿದ್ರು, ತಮ್ತಮ್ಮದು ತಗೊಂಡು ಹೋದ್ರು."

ಅವ್ವ ಮಂಟಪದ ಬಾಗಿಲ ಕಡೆ ನೋಡಿದಳು. ಅಲ್ಲಿ ಬೀಗರಿಬ್ಬರೂ ಮತ್ತೊಮ್ಮೆ ಅಪ್ಪಿಕೊಂಡು ನಿಂತಿದ್ದರು, ಫೋಟೋದವನು ಅವರನ್ನು ಬಿಡುವಂತೆಯೇ ಇರಲಿಲ್ಲ.

"ಅಷ್ಟೊತ್ತು ಅಪಕೊಂಡು ನಿಂತು," ಎಂದಳು ಅವ್ವ, ಶಾಲನ್ನು ಹೆಗಲ ಮೇಲೆ ಸರಿಪಡಿಸಿಕೊಳ್ಳುತ್ತ, "ಒಬ್ಬರಿಗೊಬ್ಬರು ಒಂದು ನೆಗಡಿನೂ ಕೊಡಲಿಲ್ಲಂದ್ರ, ಎಂಥಾ ಕಂಜೂಸ ಮಂದಿಗೆ ಹೆಣ್ಣ ಕೊಟ್ಟೇವು ನೋಡು."